ಅಡ್ಮಿನ್ ಅಳಿಸಿದ ಅನಿಮೆ: ಎಸ್ಸೆಸ್ಸೆಲ್ಸಿ ಗುಂಪಿನ ಭಾನುವಾರದ ಜಗಳ

ಗುಂಪು: ಎಸ್ಸೆಸ್ಸೆಲ್ಸಿ 1999, ದಾವಣಗೆರೆ
ವಿವರಣೆ: ಗುರುವಂದನೆ ತಯಾರಿಗೆ ಮಾತ್ರ. ರಾಜಕೀಯ, ಜಾತಿ, ಫಾರ್ವರ್ಡ್ ಬೇಡ. – ಅಡ್ಮಿನ್

ಭಾನುವಾರ, ಬೆಳಿಗ್ಗೆ 8:41

ಸುರೇಶ: (ಗುಲಾಬಿ ಹೂವಿನ ಚಿತ್ರ) ಶುಭೋದಯ. ನಗುವೇ ಆರೋಗ್ಯ.

ಮಂಜು: (ವಿಡಿಯೊ, 1:34)

ಮಂಜು: ನಗು ಬೇಕಾ, ತಗೋ. ಶಿಮೊನೆಟಾ ಅಂತ. 2015ರ ಜಪಾನಿ ಅನಿಮೆ, ಅಂದ್ರೆ ಕಾರ್ಟೂನ್ ಧಾರಾವಾಹಿ, 12 ಕಂತು. ಕಥೆ ಏನಪ್ಪಾ ಅಂದ್ರೆ, ಜಪಾನಿನಲ್ಲಿ ಪೋಲಿ ಮಾತು, ಪೋಲಿ ಚಿತ್ರ ಎಲ್ಲಾ ಕಾನೂನಿನಿಂದ ಬಂದ್ ಆಗಿ 16 ವರ್ಷ. ಎಲ್ಲರ ಕುತ್ತಿಗೆಗೆ, ಕೈಗೆ ಒಂದು ಪಟ್ಟಿ ಕಟ್ಟಿರ್ತಾರೆ, ಪೀಸ್ ಮೇಕರ್ ಅಂತ ಹೆಸರು. ಬಾಯಿ ಜಾರಿದ್ರೂ ಅದಕ್ಕೆ ಗೊತ್ತಾಗುತ್ತೆ, ಕೈ ಬೇಡದ ಚಿತ್ರ ಗೀಚಿದ್ರೂ ಗೊತ್ತಾಗುತ್ತೆ. ಸೀದಾ ಪೊಲೀಸ್. ಅದರ ವಿರುದ್ಧ ಒಬ್ಬಳು ಮುಖಕ್ಕೆ ಚಡ್ಡಿ ಮುಸುಕು ಹಾಕ್ಕೊಂಡು ಬೀದಿಗಿಳಿದು ಕ್ರಾಂತಿ ಮಾಡ್ತಾಳೆ!

(ಅಡ್ಮಿನ್ ನಾಗರಾಜ ಈ ವಿಡಿಯೊವನ್ನು ಅಳಿಸಿದ್ದಾರೆ)

ಮಂಜು: ಲೇ ನಾಗ!!

ನಾಗರಾಜ: ಗುಂಪಲ್ಲಿ ಹೆಣ್ಮಕ್ಕಳಿದ್ದಾರೆ. ವಿವರಣೆ ಓದು.

ವೀಣಾ: ಹೆಣ್ಮಗಳು ಹಾಜರ್. ನಾನು ನೋಡೋಕೆ ಮೊದಲೇ ಅಳಿಸಿಬಿಟ್ಟೆಯಲ್ಲೋ.

ಇಕ್ಬಾಲ್: ಸೆನ್ಸಾರ್ ಬಗ್ಗೆ ಇರೋ ಸಿನಿಮಾನೇ ಸೆನ್ಸಾರ್. ನಾಗ, ನಿನಗೊಂದು ಕುತ್ತಿಗೆಪಟ್ಟಿ ಕಳಿಸ್ಲಾ?

ನಾಗರಾಜ: ನಿಮಗೆ ತಮಾಷೆ. ನಾಳೆ ಯಾರಾದ್ರೂ ಸ್ಕ್ರೀನ್‌ಶಾಟ್ ತೆಗೆದು ಸ್ಟೇಷನ್ನಿಗೆ ಕೊಟ್ರೆ ಒಳಗೆ ಹೋಗೋದು ಅಡ್ಮಿನ್. ನನಗೆ ಅಂಗಡಿ ಇದೆ ಮಾರಾಯಾ.

ಬಸು: ನಾಗಾ, ವಕೀಲ ಇನ್ನೂ ಜೀವಂತ ಅದಾನ ಇಲ್ಲಿ. ಸದಸ್ಯ ಹಾಕಿದ್ದಕ್ಕ ಅಡ್ಮಿನ್ ಹೊಣೆ ಅಲ್ಲ ಅಂತ 2022ರಾಗ ಕೇರಳ ಹೈಕೋರ್ಟ್ ಹೇಳೇತಿ. ಐಟಿ ಕಾಯ್ದೆ 67ನೇ ಕಲಂ, ಆನ್‌ಲೈನ್ ಅಶ್ಲೀಲದ್ದು, ಬಂದ್ರ ಅದು ಹಾಕಿದವಗ. ಮೊದಲ ಸಲಕ್ಕ ಮೂರು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ಅಂದ್ರ ಒಳಗ ಹೋಗಾಂವ ಮಂಜು. ನೀ ಆರಾಮಿರು.

ಮಂಜು: ಥ್ಯಾಂಕ್ಸ್ ಬಸು. ಎಂಥಾ ಗೆಳೆಯ.

ಬಸು: ಫೀ ಆಮೇಲೆ ಮಾತಾಡೋಣು.

ಶೈಲಾ: ವಿಡಿಯೊ ಅಳಿಸೋಕೆ ಮೊದಲು ನಾನು ನೋಡಿದೆ. ಆ ಟ್ರೇಲರಲ್ಲಿ ಅಶ್ಲೀಲ ಏನೂ ಇಲ್ಲ ನಾಗರಾಜ. ಆದ್ರೆ ಮಂಜು, ಇದು ನನಗೆ ಹೊಸದಲ್ಲ. ನಮ್ಮ ಶಾಲೆ ಒಂಬತ್ತನೇ ಕ್ಲಾಸಿನ ಹುಡುಗರ ಬಾಯಲ್ಲಿ ಈ ಹೆಸರು ಕೇಳಿ, ಏನಿದು ನೋಡೋಣ ಅಂತ ಆರು ಕಂತು ನೋಡಿದ್ದೆ. ಅರ್ಧ ಚೆನ್ನಾಗಿದೆ. ಅರ್ಧ ನನಗೆ ಮೈ ಉರಿಯುತ್ತೆ.

ಮಂಜು: ಟೀಚರಮ್ಮ ಬಂದ್ರು.

ಶೈಲಾ: ಬಂದೆ, ಕೂತ್ಕೋ. ಅಡುಗೆ ಮುಗಿಸಿ ಬರೀತೀನಿ.

ಬೆಳಿಗ್ಗೆ 9:20

ನಾಗರಾಜ: ಅಷ್ಟರಲ್ಲಿ ಗುರುವಂದನೆ ವಿಷಯ. ಶಾಲು ಹಾರ ಫಲತಾಂಬೂಲಕ್ಕೆ ಒಬ್ಬೊಬ್ಬರು 1,500 ಹಾಕಬೇಕು. ಇನ್ನೂ ಹಲವರು ಬಾಕಿ. ಹೆಸರು ಹೇಳಲ್ಲ.

ಸುರೇಶ: ಏನು ಅಳಿಸಿದ್ದು?

ಇಕ್ಬಾಲ್: ಹೆಸರು ಹೇಳಲ್ಲ ಅಂದ್ರೂ ಎಲ್ಲರಿಗೂ ಗೊತ್ತಾಯ್ತು, ಸುರೇಶ. ಸೆನ್ಸಾರ್ ಕೆಲಸ ಮಾಡೋದೇ ಹೀಗೆ.

ಇಕ್ಬಾಲ್: ನಾನು ಹೊಟ್ಟೆ ಹೊರೆಯೋದೇ ಇದರಲ್ಲಿ, ಹೇಳ್ತೀನಿ ಕೇಳಿ. ಡಬ್ಬಿಂಗ್ ಸ್ಟುಡಿಯೊಗೆ ಪಿಕ್ಚರ್ ಜೊತೆ ಒಂದು ಪಟ್ಟಿ ಬರುತ್ತೆ, ಇಂತಿಂಥ ಪದ ಬೇಡ ಅಂತ. ಮಾತಿನ ಟ್ರ್ಯಾಕು ಬೇರೆ, ಸಂಗೀತ ಸದ್ದುಗಳ ಟ್ರ್ಯಾಕು ಬೇರೆ ಇರೋದ್ರಿಂದ ಬೈಗುಳ ಮಾತ್ರ ಎತ್ತಿ ಬಿಸಾಕ್ಬಹುದು. ಕಷ್ಟ ಇರೋದು ತುಟಿಯಲ್ಲಿ. ಪ, ಬ, ಮ ಬಂದ್ರೆ ತುಟಿ ಮುಚ್ಚಲೇಬೇಕು. ತೆರೆ ಮೇಲಿನವನು ಬಕಾರದ ಬೈಗುಳ ಬೈದಿದ್ರೆ ನಾವು ‘ಮುಠ್ಠಾಳ’, ‘ಪಾಪಿ’, ‘ಬುದ್ಧಿಗೇಡಿ’ ಅಂತ ತುಂಬ್ತೀವಿ. ರೌಡಿ ಮಚ್ಚು ಹಿಡ್ಕೊಂಡು ‘ಎಲಾ ಪಾಪಿ’ ಅಂತಾನೆ, ಹರಿಕಥೆ ದಾಸರ ಥರ. ಟೀವಿಯವರಿಗೆ ಅಷ್ಟು ಪುರುಸೊತ್ತಿಲ್ಲ, ಬೀಪ್ ಹೊಡೀತಾರೆ. ಬೀಪ್ ಹೊಡೆದ್ರೆ ಏನಾಗುತ್ತೆ ಗೊತ್ತಾ?

ಇಕ್ಬಾಲ್: ‘ಮೊನ್ನೆ ನಿಮ್ಮನೆ ಬೀಪ್ ನೋಡಿ ನಮ್ಮತ್ತೆ ದಂಗಾಗಿಬಿಟ್ರು. ಅಷ್ಟು ದೊಡ್ಡದು ಊರಲ್ಲೇ ಇಲ್ಲವಂತೆ. ಕೈಗೆ ಎಣ್ಣೆ ಹಚ್ಕೊಂಡು ಕೂತ್ರು.’

ವೀಣಾ: ಅಯ್ಯೋ ಇಕ್ಬಾಲ್ 😂

ನಾಗರಾಜ: ಇಕ್ಬಾಲ್ ಇದೇ ಕೊನೆ ವಾರ್ನಿಂಗ್.

ಇಕ್ಬಾಲ್: ಹಲಸಿನಹಣ್ಣು, ನಾಗ. ಹಲಸಿನಹಣ್ಣು. ಪೋಲಿ ನನ್ನ ವಾಕ್ಯದಲ್ಲಿ ಎಲ್ಲಿತ್ತು?

ಬಸು: ಮೈಲಾರ್ಡ್, ಸಾಕ್ಷಿ ಅಡ್ಮಿನ್ ತಲೀಯೊಳಗ ಐತಿ.

ಮಂಜು: ಇದನ್ನೇ ಆ ಅನಿಮೆ ಮಾಡೋದು. ಒಬ್ಬ ಚಿತ್ರಗಾರ್ತಿ ಬರ್ತಾಳೆ. ಕೈಗೆ ಪಟ್ಟಿ ಇದೆ, ಕೈಯಲ್ಲಿ ಬರೆಯೋ ಹಾಗಿಲ್ಲ. ಬಾಯಲ್ಲಿ ಕುಂಚ ಕಚ್ಕೊಂಡು ಬರೀತಾಳೆ! ಮುಸುಕಿನ ಹುಡುಗಿ ಹತ್ರ ಒಂದು ಹಳೇ ಮಡಚೋ ಫೋನು ಇದೆ, ದಿನಕ್ಕೆ ಮೂರು ನಿಮಿಷ ಪಟ್ಟಿಯನ್ನ ಕಿವುಡು ಮಾಡುತ್ತೆ. ಆ ಮೂರು ನಿಮಿಷ ಅವಳು ಒಂದೇ ಉಸಿರಿಗೆ ಬಾಯಿಗೆ ಬಂದದ್ದೆಲ್ಲಾ ಒದರಿ ಹಗುರಾಗ್ತಾಳೆ. 2015ರಲ್ಲೇ, ಆ ವರ್ಷ ಫೆಬ್ರವರಿಯಲ್ಲಿ, ನಮ್ಮ ಸೆನ್ಸಾರ್ ಮಂಡಳಿ 28 ಬೈಗುಳದ ಪಟ್ಟಿ ಹೊರಡಿಸಿತ್ತು ನೆನಪಿದೆಯಾ? ಸಿನಿಮಾದವರು ಗಲಾಟೆ ಮಾಡಿದ ಮೇಲೆ ತಡೆಹಿಡಿದ್ರು. ಪಟ್ಟಿ ಮಾತ್ರ ಎಲ್ಲಾ ಪೇಪರಲ್ಲೂ ಬಂತು. ಮಂಡಳಿ ಖರ್ಚಲ್ಲಿ ದೇಶಕ್ಕೆಲ್ಲಾ ಬೈಗುಳ ಪಾಠ.

ಸುರೇಶ: ಲಿಂಕ್ ಪರ್ಸನಲ್ ಆಗಿ ಕಳಿಸು ಮಂಜು.

ಬೆಳಿಗ್ಗೆ 10:05

ವೀಣಾ: ಇಲ್ಲಿ ಕಾವಾಸಾಕಿಯಲ್ಲಿ ಮಧ್ಯಾಹ್ನ ಒಂದೂವರೆ, ಊಟ ಆಯ್ತು. ಈಗ ನಾನು ಹೇಳ್ತೀನಿ. ಇದು ಸುಮ್ಮನೆ ಹುಟ್ಟಿದ ತಮಾಷೆ ಅಲ್ಲ. ಮೂಲ ಕಾದಂಬರಿ ಅಕಗಿ ಹಿರೊತಕಾ ಅನ್ನೋರದ್ದು, 2012ರಲ್ಲಿ ಶುರುವಾಯ್ತು. ಅದಕ್ಕೆ ಎರಡು ವರ್ಷ ಮುಂಚೆ ಟೋಕಿಯೊದಲ್ಲಿ ದೊಡ್ಡ ರಾದ್ಧಾಂತ ಆಗಿತ್ತು. 2010ರ ಫೆಬ್ರವರಿಯಲ್ಲಿ ಮಹಾನಗರ ಸರ್ಕಾರ ಯುವಜನರ ಆರೋಗ್ಯಕರ ಬೆಳವಣಿಗೆಯ ಕಟ್ಟಳೆಗೆ ತಿದ್ದುಪಡಿ ತಂತು. ಅದರಲ್ಲಿ ‘ಅಸ್ತಿತ್ವದಲ್ಲಿಲ್ಲದ ಯುವಜನ’ ಅಂತ ಒಂದು ವರ್ಗ! ಅಂದ್ರೆ ಮಾಂಗಾ (ಜಪಾನಿ ಕಾಮಿಕ್ಸ್), ಅನಿಮೆಯ ಎಳೆ ವಯಸ್ಸಿನ ಪಾತ್ರಗಳು, ಅವರ ಪೋಲಿ ಚಿತ್ರಗಳಿಗೂ ಕಡಿವಾಣ. ಜೂನ್‌ನಲ್ಲಿ ಮಸೂದೆ ಬಿತ್ತು. ಆ ಪದ ತೆಗೆದು ಡಿಸೆಂಬರ್‌ನಲ್ಲಿ ಮತ್ತೆ ತಂದು ಪಾಸ್ ಮಾಡಿಸಿದ್ರು. ಸಿಟ್ಟಿಗೆದ್ದ ದೊಡ್ಡ ದೊಡ್ಡ ಪ್ರಕಾಶಕರೆಲ್ಲಾ ಸೇರಿ 2011ರ ಟೋಕಿಯೊ ಅನಿಮೆ ಮೇಳಕ್ಕೇ ಬಹಿಷ್ಕಾರ ಹಾಕಿ, ಪಕ್ಕದ ಚಿಬಾದಲ್ಲಿ ಎದುರು ಮೇಳ ಘೋಷಿಸಿದ್ರು. ಮಾರ್ಚ್‌ನಲ್ಲಿ ಭೂಕಂಪ ಬಂತು, ಎರಡೂ ರದ್ದು.

ವೀಣಾ: ಅನಿಮೆಯೊಳಗಿನ ಕಾನೂನಿನ ಹೆಸರಲ್ಲೂ ಅದೇ ‘ಆರೋಗ್ಯಕರ ಬೆಳವಣಿಗೆ’ ಇದೆ. ಇಲ್ಲಿಯವರಿಗೆ ಹೆಸರು ಕೇಳಿದ್ರೇನೇ ನಗು ಬರುತ್ತೆ. ಇನ್ನೊಂದು ಮಜಾ. ತಿದ್ದುಪಡಿ ತಂದ ಗವರ್ನರ್ ಇಶಿಹರಾ ಶಿಂತಾರೊ 1950ರ ದಶಕದಲ್ಲಿ ಹೆಸರು ಮಾಡಿದ್ದೇ ಪಡ್ಡೆ ಹುಡುಗರ ಸ್ವೇಚ್ಛೆಯ ಕಾದಂಬರಿ ಬರೆದು. ಆಗ ಹಿರಿಯರೆಲ್ಲಾ ಛೀ ಥೂ ಅಂದಿದ್ರು, ಇವರಿಗೆ ಇಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿ, ಅಕುತಗಾವಾ ಪ್ರಶಸ್ತಿ ಬಂತು.

ಬಸು: ತಾ ಏರಿದ ಏಣಿ ತಾನ ಒದ್ದ. ನಮ್ಮ ಕಡೆ ಭಾಳ ಮಂದಿ ಅದಾರ ಅಂಥಾರು.

ವೀಣಾ: ಇಲ್ಲಿನ ಸಂವಿಧಾನದ 21ನೇ ವಿಧಿಯಲ್ಲಿ ಸೆನ್ಸಾರ್ ಮಾಡಕೂಡದು ಅಂತ ಬರೆದೇ ಇದೆ. ಆದ್ರೆ 1907ರ ದಂಡಸಂಹಿತೆಯ 175ನೇ ವಿಧಿ ಇವತ್ತಿಗೂ ಇದೆ, ಅಶ್ಲೀಲ ವಸ್ತು ಹಂಚಿದ್ರೆ ಶಿಕ್ಷೆ. ಅದಕ್ಕೇ ಇಲ್ಲಿ ದೊಡ್ಡವರ ವಿಡಿಯೊಗಳಿಗೂ ಮೊಸಾಯಿಕ್, ಅಂದ್ರೆ ಮಸುಕು ಚೌಕಗಳು. ಅದೇ ಹೊತ್ತಿಗೆ ಹಾಲು, ಬ್ರೆಡ್ ತರೋಕೆ ಮೂಲೆ ಅಂಗಡಿಗೆ ಹೋದ್ರೆ ಬಾಗಿಲ ಪಕ್ಕದ ರ‍್ಯಾಕಲ್ಲೇ ಆ ಥರ ಪತ್ರಿಕೆಗಳು ಇರ್ತಿದ್ವು. ದೊಡ್ಡ ಅಂಗಡಿ ಸರಣಿಗಳು ಅದನ್ನ ನಿಲ್ಲಿಸಿದ್ದು 2019ರಲ್ಲಿ.

ಇಕ್ಬಾಲ್: ವೀಣಾ, ಯುದ್ಧಕ್ಕೆ ಮುಂಚೆ ಅಲ್ಲಿ ಪುಸ್ತಕದಲ್ಲಿ ಬೇಡದ ಪದದ ಜಾಗಕ್ಕೆ ×× ಅಚ್ಚು ಹಾಕ್ತಿದ್ರಂತಲ್ಲ?

ವೀಣಾ: ಹೌದು. ಎಷ್ಟು ಅಕ್ಷರ ಹೋಗಿದೆ ಅಂತ ಓದುಗ ಎಣಿಸ್ಬಹುದಿತ್ತು. ಯುದ್ಧ ಮುಗಿದ ಮೇಲೆ ಬಂದ ಅಮೆರಿಕದ ಆಡಳಿತವೂ ಸೆನ್ಸಾರ್ ಮಾಡ್ತು, ಆದ್ರೆ ಅವರ ನಿಯಮ, ಕತ್ತರಿಸಿದ ಗುರುತೇ ಕಾಣಬಾರದು. ×× ಹಾಕೋದೂ ತಪ್ಪು, ಖಾಲಿ ಜಾಗ ಬಿಡೋದೂ ತಪ್ಪು. ಸಂವಿಧಾನದಲ್ಲಿ ಸೆನ್ಸಾರ್ ಬೇಡ ಅಂತ ಬರೆಸಿದವರೂ ಅವರೇ.

ಇಕ್ಬಾಲ್: ಹಾಗಿದ್ರೆ ನಾಗ ಪ್ರಾಮಾಣಿಕ ಸೆನ್ಸಾರ್. ‘ಅಡ್ಮಿನ್ ನಾಗರಾಜ ಅಳಿಸಿದ್ದಾರೆ’ ಅಂತ ಸಹಿ ಸಮೇತ ಇದೆ.

ನಾಗರಾಜ: ಹೊಗಳಿದ್ಯೋ ತೆಗಳಿದ್ಯೋ ಗೊತ್ತಾಗ್ಲಿಲ್ಲ. ಎರಡಕ್ಕೂ 1,500 ಹಾಕು.

ಬೆಳಿಗ್ಗೆ 11:12

ಶೈಲಾ: ಅಡುಗೆ ಆಯ್ತು. ನನ್ನ ತಕರಾರು ಕೇಳಿ. ಮಂಜು, ನೀನು ಮುಸುಕಿನ ಹುಡುಗಿ ಬಗ್ಗೆ ಇಷ್ಟೆಲ್ಲಾ ಹೇಳಿದೆ. ಅನ್ನಾ ಬಗ್ಗೆ ಯಾಕೆ ಹೇಳಲಿಲ್ಲ? ಆ ಶಾಲೆ ವಿದ್ಯಾರ್ಥಿ ಸಂಘದ ಅಧ್ಯಕ್ಷೆ. ಕಾನೂನು ಇನ್ನೂ ಬಿಗಿ ಮಾಡಿ ಅಂತ ಸಹಿ ಸಂಗ್ರಹ ಮಾಡೋ ತಾಯಿಯ ಮಗಳು. ಕೆಟ್ಟ ಪದ ಒಂದೂ ಕಿವಿಗೆ ಬೀಳದ ಹಾಗೆ ಬೆಳೆಸಿದ ಅಪ್ಪಟ ಮುತ್ತು. ಅವಳಿಗೆ ಒಬ್ಬ ಹುಡುಗನ ಮೇಲೆ ಮನಸ್ಸಾಗುತ್ತೆ. ಮನಸ್ಸಾಯ್ತು ಅಂತ ಹೇಳೋಕೆ ಪದ ಇಲ್ಲ. ಬೇಡ ಅನ್ನೋದು ಏನು, ಒಪ್ಪಿಗೆ ಅನ್ನೋದು ಏನು, ಅದಕ್ಕೂ ಪದ ಇಲ್ಲ. ನಾನು ಒಳ್ಳೆಯವಳು, ಆದ್ದರಿಂದ ನನಗೆ ಅನಿಸಿದ್ದೆಲ್ಲಾ ಒಳ್ಳೆಯದೇ, ಇದು ಅವಳ ಲೆಕ್ಕ. ಆ ಹುಡುಗ ಬೇಡ ಬೇಡ ಅಂತ ಓಡ್ತಿದ್ರೂ ಬಿಡಲ್ಲ. ಇಡೀ ಕಥೆಯಲ್ಲಿ ಅಪಾಯಕಾರಿ ಯಾರು ಅಂದ್ರೆ ಮುಸುಕಿನವಳಲ್ಲ, ಈ ಮುತ್ತು.

ಮಂಜು: ಅದೇ ತಾನೇ ವ್ಯಂಗ್ಯ!

ಶೈಲಾ: ವ್ಯಂಗ್ಯ ಅಂತ ನನಗೂ ಗೊತ್ತು. ಮೊದಲ ಸಲ ಬಂದಾಗ ಬೆಚ್ಚಿಬಿದ್ದೆ, ಭಲೇ ಅಂದುಕೊಂಡೆ. ಆಮೇಲೆ ಪ್ರತಿ ಕಂತಿನಲ್ಲೂ ಅದೇ ದೃಶ್ಯ, ಅದೇ ನಗೆ ಸಂಗೀತ. ಹುಡುಗಿ ಹುಡುಗನಿಗೆ ಮಾಡಿದ್ರೆ ತಮಾಷೆ ಅಂತ ಲೆಕ್ಕ. ಅದನ್ನೇ ಹುಡುಗ ಹುಡುಗಿಗೆ ಮಾಡಿದ್ರೆ ನೀನು ನಗ್ತಿದ್ಯಾ? ಇರಿಯೋಕೆ ಅಂತ ಎತ್ತಿದ ಚಾಕು, ಆಮೇಲೆ ಅದರಲ್ಲೇ ಬೆಣ್ಣೆ ಸವರ್ತಾ ಕೂತ್ರು.

ಮಂಜು: ಅದಕ್ಕೆ ಉತ್ತರ ಇಲ್ಲ ನನ್ನ ಹತ್ರ. ಆದ್ರೂ ನಿಷೇಧ ಮಾಡಬೇಕು ಅಂತೀಯಾ?

ಶೈಲಾ: ನಿಷೇಧ ಅಂತ ಎಲ್ಲಿ ಅಂದೆ? ಇಷ್ಟ ಆಗಲಿಲ್ಲ ಅಂದ್ರೆ ನಿಷೇಧ ಅಂತ ಅರ್ಥನಾ? ನೋಡು, ಅದರಲ್ಲಿ ಇನ್ನೊಬ್ಬಳು ಇದ್ದಾಳೆ, ಫುವಾ ಅಂತ. ವಿಜ್ಞಾನದ ಹುಚ್ಚಿ. ಮಗು ಹೇಗೆ ಹುಟ್ಟುತ್ತೆ ಅಂತ ಅವಳಿಗೆ ತಿಳ್ಕೋಬೇಕು. ಅಷ್ಟೇ. ಪೋಲಿತನ ಏನೂ ಇಲ್ಲ, ಮುಖದಲ್ಲಿ ಒಂದು ಭಾವನೆಯೂ ಇಲ್ಲ. ಇಡೀ ಶಾಲೆಯಲ್ಲಿ ಉತ್ತರ ಹೇಳೋರಿಲ್ಲ. ನನಗೆ ಅವಳೇ ನಾಯಕಿ. ಆ ಲೋಕದಲ್ಲಿ ಕಳೆದುಹೋಗಿರೋದು ಪೋಲಿ ಮಾತಲ್ಲ ಮಂಜು, ಸಾದಾ ಮಾತು. ಕ್ರಾಂತಿ ಮಾಡೋ ಗ್ಯಾಂಗಿಗೂ ಅದು ತಲೆಗೆ ಹೋಗಲ್ಲ. ಅವರಿಗೆ ಮುಸುಕು, ಕರಪತ್ರ, ಕಿರುಚಾಟ ಇದ್ರೆ ಸಾಕು.

ವೀಣಾ: ಶೈಲಾ, ಇದು ಇಲ್ಲಿ ನಿಜವಾಗಿ ಆಗಿದೆ. ನನ್ನ ಮಗ ಈಗ ಐದನೇ ಕ್ಲಾಸು. ವಿಜ್ಞಾನದಲ್ಲಿ ಮಗು ಹೊಟ್ಟೆಯಲ್ಲಿ ಬೆಳೆಯೋ ಪಾಠ ಇದೆ, ಚಿತ್ರ ಸಮೇತ, ಚೆನ್ನಾಗಿದೆ. ಆದ್ರೆ ಅದಕ್ಕೆ ಮುಂಚೆ ಏನಾಯ್ತು ಅನ್ನೋದು ಇಲ್ಲ. ಮರೆತದ್ದಲ್ಲ. ‘ಮನುಷ್ಯರಲ್ಲಿ ಗರ್ಭಾಂಕುರದವರೆಗಿನ ಪ್ರಕ್ರಿಯೆಯನ್ನು ತೆಗೆದುಕೊಳ್ಳಬಾರದು’ ಅಂತ ಸರ್ಕಾರದ ಪಠ್ಯಕ್ರಮದಲ್ಲೇ 1998ರಿಂದ ಇದೆ.

ಬಸು: ಅಂದ್ರ ಕೂಸು ಅಂಚೆಯೊಳಗ ಬಂತು.

ವೀಣಾ: ಹಿನೊ ಅನ್ನೋ ಊರಲ್ಲಿ ನಾನಾಓ ಅಂತ ವಿಶೇಷ ಮಕ್ಕಳ ಶಾಲೆ. ಬುದ್ಧಿ ಬೆಳವಣಿಗೆ ನಿಧಾನ ಇರೋ ಮಕ್ಕಳು. ಅಲ್ಲಿನ ಟೀಚರ್‌ಗಳು ದೇಹದ ಭಾಗಗಳ ಹೆಸರು ಹೇಳಿಕೊಡೋ ಹಾಡು ಕಟ್ಟಿದ್ರು, ಗೊಂಬೆ ಇಟ್ಕೊಂಡು ಪಾಠ ಮಾಡ್ತಿದ್ರು. ಯಾರಾದ್ರೂ ಎಲ್ಲಾದ್ರೂ ಮುಟ್ಟಿದ್ರೆ ಆ ಮಕ್ಕಳಿಗೆ ಹೇಳೋಕೆ ಬರಬೇಕಲ್ಲ. 2003ರಲ್ಲಿ ಟೋಕಿಯೊ ಮಹಾನಗರ ಶಾಸನಸಭೆಯ ಸದಸ್ಯರು ಕೆಲವರು ಇದು ಅತಿರೇಕ ಅಂತ ಶಾಲೆಗೇ ನುಗ್ಗಿದ್ರು. ಗೊಂಬೆಗಳನ್ನ ಎತ್ಕೊಂಡು ಹೋದ್ರು, ಟೀಚರ್‌ಗಳ ಮೇಲೆ ಕ್ರಮ ಆಯ್ತು. ಆಗಲೂ ಗವರ್ನರ್ ಇದೇ ಇಶಿಹರಾ. ಟೀಚರ್‌ಗಳು ಬಿಡಲಿಲ್ಲ, ಕೋರ್ಟಿಗೆ ಹೋದ್ರು. 2009ರಲ್ಲಿ ಗೆದ್ರು, 21 ಲಕ್ಷ ಯೆನ್ ಪರಿಹಾರ. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡೀತು.

ಶೈಲಾ: ಹತ್ತು ವರ್ಷ.

ವೀಣಾ: ಹತ್ತು ವರ್ಷ. ಅಷ್ಟರಲ್ಲಿ ಉಳಿದ ಶಾಲೆಯವರೆಲ್ಲಾ ಇವರ ಗತಿ ನೋಡಿ ನಮಗ್ಯಾಕೆ ಅಂತ ಸುಮ್ಮನಾಗಿಬಿಟ್ರು. ಕುತ್ತಿಗೆಗೆ ಪಟ್ಟಿ ಕಟ್ಟೋದೇ ಬೇಕಾಗಲಿಲ್ಲ.

ಶೈಲಾ: ನಮ್ಮಲ್ಲಿ 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ ಕರ್ನಾಟಕ, ಮಹಾರಾಷ್ಟ್ರ, ಗುಜರಾತ್ ಎಲ್ಲಾ ಬೇಡ ಅಂತ ನಿಲ್ಲಿಸಿದ್ವು. ಐದು ವರ್ಷಕ್ಕೆ ಪೋಕ್ಸೊ ಕಾಯ್ದೆ ಬಂತು. ದೂರು ಕೊಡೋಕೆ ಕಾನೂನು ಇದೆ, ಹೇಳೋಕೆ ಮಗುವಿನ ಬಾಯಲ್ಲಿ ಪದ ಇಲ್ಲ. ‘ಅಲ್ಲಿ’, ‘ಅದು’, ‘ಹಾಗೆ ಮಾಡಿದ್ರು’. ಬಸು, ಕೋರ್ಟಲ್ಲಿ ಇದು ಸಾಕಾಗುತ್ತಾ?

ಬಸು: ಎದುರು ವಕೀಲ ಹರದು ಹಾಕ್ತಾನ. ‘ಅಲ್ಲಿ ಅಂದ್ರ ಎಲ್ಲಿ, ಸ್ಪಷ್ಟ ಹೇಳವ್ವ.’ ನಾನ ನೋಡೇನಿ. ಆದರ ಶೈಲಾ, ಒಂದು ಮಾತು. ನೀ ಎಲ್ಲಾನೂ ಪಾಠ ಮಾಡಕ್ಕ ಹೊಂಟಿ. ಸಾದಾ ಮಾತು ಬೇಕು, ಖರೆ. ಪೋಲಿ ಮಾತೂ ಬೇಕು, ಅದೂ ಖರೆ. ರಾಣೆಬೆನ್ನೂರಿಗೆ ಹೋಳಿಗೆ ಬಾ ಒಮ್ಮೆ.

ಮಂಜು: ಜೀವಂತ ರತಿ-ಕಾಮಣ್ಣ!

ಬಸು: ಹೂಂ. ಗೊತ್ತಿಲ್ಲದವ್ರಿಗೆ ಹೇಳ್ತೇನಿ. ಇಬ್ಬರು ಜೀವಂತ ಮನಷ್ಯಾರು ರತಿ-ಮನ್ಮಥ ಆಗಿ ವೇಷ ಕಟಗೊಂಡು ಮಂಟಪದಾಗ ಕುಂದರತಾರ. ಇಬ್ಬರೂ ಗಂಡಸರ. ನಗಬಾರದು, ಅಲಗಬಾರದು. ಮಂದಿ ಮುಂದ ಬಂದು ಅವರನ್ನ ನಗಸಬೇಕು, ನಗಿಸಿದವ್ಗ ಬಹುಮಾನ. ಏನೇನು ಮಾತು ಬರ್ತಾವ ಅಂತಿ! ಮುದುಕರು, ಗುಮಾಸ್ತರು, ಮಾಸ್ತರು, ಹೆಣಮಕ್ಕಳೂ ನಿಂತು ಕೇಳ್ತಾರ. ಅಲ್ಲಿ ಕುಂತ ರತಿ ಮುಖ ಕಲ್ಲು. ಮೂಗಿನ ಮ್ಯಾಲ ಬೆವರ ಹನಿ, ಬಣ್ಣ ಇಳೀತಿರ್ತದ, ತುಟಿ ಮಾತ್ರ ಅಲಗಂಗಿಲ್ಲ. ನಾ ಒಮ್ಮೆ ಹೋಗಿ ಐಪಿಸಿ ಕಲಂ ಎಲ್ಲಾ ಸೇರಿಸಿ ಒಂದು ಹೊಡದೆ. ಜನ ಬಿದ್ದು ಬಿದ್ದು ನಕ್ಕರು. ರತಿ ನಗಲಿಲ್ಲ.

ವೀಣಾ: 😂😂 ಏನು ಹೊಡೆದೆ?

ಬಸು: ನಾಗಪ್ಪ ಅಳಸ್ತಾನ.

ನಾಗರಾಜ: ಖಂಡಿತ.

ಬಸು: ಆ ಜಪಾನಿ ಹುಡುಗಿಗೆ ದಿನಕ್ಕ ಮೂರು ನಿಮಿಷ. ನಮಗ ವರ್ಷಕ್ಕ ಒಂದೆರಡು ದಿನ. ಅಷ್ಟರಾಗ ಊರು ಹಗರ ಆಗತೈತಿ. ಯಾರೂ ಏನೂ ಕಲಿಯಂಗಿಲ್ಲ, ಕಲಿಯೂದು ಬ್ಯಾಡ. ಹಂಗ ಆ ಪಿಕ್ಚರೂ. ಮಂಜು ನಕ್ಕಾನ, ಬಿಡು. ಎಲ್ಲಾದರಾಗ ನೀತಿ ಹುಡುಕಿದ್ರ ಪಟ್ಟಿ ಕಟ್ಟಿದವ್ರಿಗೂ ನಮಗೂ ಏನ್ ಫರಕು?

ಶೈಲಾ: ಫರಕು ಇದೆ ಬಸು. ರಾಣೆಬೆನ್ನೂರಿನಲ್ಲಿ ಮಂಟಪದಲ್ಲಿ ಕೂತವರು ತಾವೇ ಒಪ್ಪಿ ಕೂತವರು. ಎದ್ದು ಹೋಗ್ಬಹುದು. ಅನ್ನಾ ಅಟ್ಟಿಸಿಕೊಂಡು ಹೋಗೋ ಹುಡುಗ ಒಪ್ಪಿಲ್ಲ. ನಿನ್ನ ಹೋಳಿಯಲ್ಲೇ ಬೀದಿಯಲ್ಲಿ ಹೋಗೋ ಹುಡುಗಿ ಮುಂದೆ ಹೋಗಿ ಯಾರಾದ್ರೂ ಅದೇ ಮಾತು ಆಡಿದ್ರೆ ಅದು ಹಬ್ಬ ಅಲ್ಲ, ಕೇಸು. ನೀನೇ ಹಾಕ್ತೀಯ.

ಬಸು: ಹಾಕ್ತೇನಿ. ಅದು ಬ್ಯಾರೆ. ಆದರ ಮಂಟಪ ಬಂದ್ ಮಾಡಂಗಿಲ್ಲ.

ಶೈಲಾ: ಯಾರು ಬಂದ್ ಮಾಡು ಅಂದ್ರು? ಬೆಳಿಗ್ಗೆಯಿಂದ ಎಲ್ಲರೂ ನನಗೆ ನಿಷೇಧದ ಪಟ್ಟ ಕಟ್ತಿದ್ದೀರಿ. ವಿಡಿಯೊ ಅಳಿಸಿದವನು ನಾಗರಾಜ!

ನಾಗರಾಜ: ಒಂದು ಮಾತು ಹೇಳ್ಲಾ. ನನ್ನ ಮಗಳು ಒಂಬತ್ತನೇ ಕ್ಲಾಸು. ನನ್ನ ಫೋನ್ ಅವಳೇ ಜಾಸ್ತಿ ಹಿಡಿಯೋದು. ಈ ಗುಂಪಿನ ಮೆಸೇಜ್ ಮೇಲೆ ಬಂದ್ರೆ ಅವಳ ಕಣ್ಣಿಗೂ ಬೀಳುತ್ತೆ. ಅದಕ್ಕೆ ಅಳಿಸಿದೆ. ನೀವೆಲ್ಲಾ ಜಪಾನಿನ ಕಾನೂನು ಹೇಳ್ತಿದ್ದೀರಿ.

ಮಂಜು: ಇದನ್ನ ಮೊದಲೇ ಹೇಳಿದ್ರೆ ನಾನೇ ಅಳಿಸ್ತಿದ್ದೆ ಮಾರಾಯ.

ಶೈಲಾ: ಒಂಬತ್ತನೇ ಕ್ಲಾಸಾ? ಹಾಗಾದ್ರೆ ಅವಳು ಇದನ್ನ ನಿನಗಿಂತ ಮುಂಚೆ ನೋಡಿರ್ತಾಳೆ.

ನಾಗರಾಜ: ಹೆದರಿಸ್ಬೇಡ.

ಶೈಲಾ: ಹೆದರಿಸ್ತಿಲ್ಲ. ಅವಳ ಜೊತೆ ಮಾತಾಡು ಅಂತಿದ್ದೀನಿ. ಇಲ್ಲಾಂದ್ರೆ ಅವಳಮ್ಮ ಮಾತಾಡ್ಲಿ.

ಇಕ್ಬಾಲ್: ನಮ್ಮ ಜೊತೆ ಯಾರು ಮಾತಾಡಿದ್ರು? ನೆನಪಿದೆಯಾ, ಹತ್ತನೇ ಕ್ಲಾಸಲ್ಲಿ ಸೈನ್ಸ್ ಮೇಷ್ಟ್ರು? ಹೂವಿನ ಪರಾಗಸ್ಪರ್ಶ ಒಂದು ವಾರ. ದಾಸವಾಳ ತರಿಸಿ ಬ್ಲೇಡಲ್ಲಿ ಸೀಳಿ, ಕೇಸರ ಎಣಿಸಿ, ಶಲಾಕೆಗೆ ಗುಂಡುಸೂಜಿ ಚುಚ್ಚಿ ತೋರಿಸಿದ್ರು. ಮುಂದಿನ ಪಾಠ ಬಂದ ಕೂಡ್ಲೇ ಕನ್ನಡಕ ತೆಗೆದು ಒರೆಸ್ತಾ, ‘ಇದು ಸುಲಭ ಇದೆ, ಮನೇಲಿ ಓದ್ಕೊಳ್ಳಿ.’ ಆ ಪುಟಗಳು ಇಡೀ ಕ್ಲಾಸಿನ ಪುಸ್ತಕದಲ್ಲಿ ತಾವಾಗೇ ತೆರ್ಕೋತಿದ್ವು!

ವೀಣಾ: ಹುಡುಗಿಯರ ಪುಸ್ತಕದಲ್ಲೂ.

ಮಂಜು: ಪಬ್ಲಿಕ್ ಪರೀಕ್ಷೆಗೆ ಅದರ ಮೇಲೇ 4 ಮಾರ್ಕ್ಸ್ ಪ್ರಶ್ನೆ ಬಂತು. ಎಲ್ಲರೂ ಪೂರ್ತಿ ಮಾರ್ಕ್ಸ್.

ಬಸು: ಏ ತಡೀರಿ. ಗುರುವಂದನೆಗೆ ಆ ಮೇಷ್ಟ್ರೂ ಬರ್ತಾರಲ್ಲ? ಶಾಲು ಹೊದಿಸಿ, ಬೋರ್ಡ್ ಮುಂದ ನಿಲ್ಲಿಸಿ, ‘ಸರ್, ಒಂದು ಪಾಠ ಬಾಕಿ ಐತಿ’ ಅನ್ನೋಣೇನು?

ನಾಗರಾಜ: ಬೇಡ. ವಯಸ್ಸಾಗಿದೆ ಅವರಿಗೆ. ಬೀಪಿ ಇದೆ.

ಇಕ್ಬಾಲ್: (ಪೋಲ್) ಬಾಕಿ ಪಾಠ ಮಾಡಿಸೋದು: ಹೌದು / ಬೇಡ / ಮೇಷ್ಟ್ರ ಬದಲು ಶೈಲಾ

ಶೈಲಾ: ಮೇಷ್ಟ್ರನ್ನ ನಾಚಿಸೋದಕ್ಕೆ ನಾನು ಬರಲ್ಲ. ಅವರು ಕಲಿಸಿದ ದಾಸವಾಳದಿಂದಲೇ ನಾನು ಇವತ್ತು ಬಯಾಲಜಿ ಟೀಚರ್. ಮಕ್ಕಳನ್ನೂ ಕರ್ಕೊಂಡು ಬನ್ನಿ, ನಾನೇ ಪಾಠ ಮಾಡ್ತೀನಿ. ನಾಗರಾಜ, ನಿನ್ನ ಮಗಳನ್ನೂ. 20 ನಿಮಿಷ ಕೊಡು.

ನಾಗರಾಜ: ಸ್ವಾಗತ ಭಾಷಣ, ಸನ್ಮಾನ, ವಂದನಾರ್ಪಣೆ, ಊಟ. ಸಮಯ ಎಲ್ಲಿದೆ?

ಶೈಲಾ: ಸ್ವಾಗತ ಭಾಷಣ ನಿನ್ನದೇ. ಅದನ್ನ ಕಡಿಮೆ ಮಾಡು.

ನಾಗರಾಜ: ಊಟ ಆದ್ಮೇಲೆ 10 ನಿಮಿಷ. ಚಿತ್ರ ಇಲ್ಲದೆ.

ಶೈಲಾ: 15. ಚಿತ್ರ ಸಮೇತ. ಸರ್ಕಾರಿ ಪಠ್ಯಪುಸ್ತಕದ ಚಿತ್ರನೇ.

ನಾಗರಾಜ: ಯೋಚನೆ ಮಾಡ್ತೀನಿ. ಮೊದಲು ಎಲ್ಲರೂ 1,500 ಹಾಕಿ.

ಸುರೇಶ: ಪೋಲ್‌ನಲ್ಲಿ ಮೂರಕ್ಕೂ ಒತ್ತಿಬಿಟ್ಟೆ. ತೆಗೆಯೋದು ಹೇಗೆ?